ಸುಮ್ನೇಶನ್

ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಕ್ಕನದು ಅಳೆದು ತೂಗಿದ ಮಾತು. ಮನೆಯಲ್ಲಿ ವಟವಟ ಅನ್ನುತ್ತಿದ್ದವಳು ಅವಳ ತಂಗಿ. ಶಾಲೆಯಲ್ಲಿ ‘ವೆಕೇಶನ್’, ‘ಎಜುಕೇಶನ್’ ಕಲಿತದ್ದೇ ತಡ, ಸಿಕ್ಕಿದ ಮಾತಿಗೆಲ್ಲ ಆ ಇಂಗ್ಲಿಷ್ ಬಾಲ ಅಂಟಿಸತೊಡಗಿದಳು. ಏನೂ ಮಾಡದೆ ಸುಮ್ಮನೆ ಕೂತರೆ ‘ಸುಮ್ನೇಶನ್’. ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಅದು ಇಬ್ಬರ ನಡುವೆಯೇ ಉಳಿದಿತ್ತು. ಬೇರೆಯವರ ಮುಂದೆ ಆಡಲು ತಂಗಿಗೆ ನಾಚಿಕೆ. ಹೋದ ವರ್ಷ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಆ ಪದವೂ ಅವಳ ಜೊತೆಗೇ ಹೋಯಿತೆಂದುಕೊಂಡಳು ಅಕ್ಕ.

ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತಿದ್ದ ಬ್ಯಾಂಕಿನ ಹೆಂಗಸು ಫೋನಿನಲ್ಲಿ ಯಾರಿಗೋ, “ಏನಿಲ್ಲಪ್ಪ, ಸುಮ್ನೇಶನ್” ಅಂದಳು. ಕೊನೆಯನ್ನು ತಂಗಿಯ ಹಾಗೆಯೇ ಮೂಗಿನಲ್ಲಿ ಎಳೆದಳು. ಅಕ್ಕನ ಕತ್ತರಿ ನಿಂತುಬಿಟ್ಟಿತು.

“ಆ ಮಾತು ನಿಮಗ್ಯಾರು ಹೇಳ್ಕೊಟ್ರು?”

“ಅಯ್ಯೋ, ಎಲ್ರೂ ಅಂತಾರಲ್ಲ! ಇಂಗ್ಲಿಷನ್ನ ಮನೇಲಿ ಸಾಕ್ಕೊಂಡ ಹಾಗಿದೆ. ಬಾಯಿಗೆ ಒಂಥರಾ ಕಚಗುಳಿ.”

ಆಮೇಲೆ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಎಲ್ಲಿ ಹೋದರೂ ಅದೇ. ವಿಚಾರಿಸಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವರು. ಕೊನೆಗೆ ಔಷಧಿ ಅಂಗಡಿಯವಳು ಹೇಳಿದಳು: “ಒಬ್ಳು ಹುಡುಗಿ ಬಂದಿದ್ಲು ಕಣ್ರೀ. ಜ್ವರದ ಮಾತ್ರೆ ಇಡೋ ಕಡೆ ನಿಂತಿದ್ಲು. ‘ಏನ್ ಬೇಕಮ್ಮಾ’ ಅಂದ್ರೆ ‘ಸುಮ್ನೇಶನ್’ ಅಂದ್ಲು. ನಕ್ಕು ನಕ್ಕು ಸಾಕಾಯ್ತು ನಂಗೆ. ಅವಳು ಹೊರಗೆ ಹೋಗಿದ್ದು ಮಾತ್ರ ನೋಡ್ಲಿಲ್ಲ.”

ಹೆದರಿಕೆಯಿಂದ ಅಕ್ಕನಿಗೆ ಊಟ ಸೇರದಾಯಿತು. ಹೀಗೇ ಕೆಲವು ದಿನ ಒದ್ದಾಡಿ, ಹುಟ್ಟಿದಾಗಿನಿಂದ ಮಾಡದ ಕೆಲಸಕ್ಕೆ ಕೈಹಾಕಿದಳು: ತಾನೇ ಒಂದು ಪದ ಕಟ್ಟಿದಳು. ‘ಎಲ್ಲೇಶನ್?’ ಅಂದರೆ, ಎಲ್ಲಿದ್ದೀಯ? ತಮಾಷೆಯೆಂಬಂತೆ ಗಿರಾಕಿಗಳಿಗೆಲ್ಲ ಅದನ್ನು ಅಂದಳು. ಅವರು ನಕ್ಕರು, ಬಾಯಲ್ಲಿ ಹೊರಳಿಸಿ ನೋಡಿದರು, ಬೀದಿಗೆ ಒಯ್ದರು.

ತಿಂಗಳು ಕಳೆದಿರಬೇಕು. ಮೊದಲ ಸಲ ಬಂದ ಅಜ್ಜಿಯೊಬ್ಬಳನ್ನು ತಲೆ ತೊಳೆಯಲು ಕೂರಿಸುತ್ತ ಅಕ್ಕ ರೂಢಿಯಂತೆ ಕೇಳಿದಳು, “ಇಷ್ಟು ದಿನ ಎಲ್ಲೇಶನ್ ಅಜ್ಜಿ?”

“ಇಲ್ಲೇಶನ್,” ಅಂದಳು ಅಜ್ಜಿ ಥಟ್ಟನೆ.

“ಹಾಗನ್ನೋಕೆ ಯಾರು ಹೇಳಿದ್ರು?”

“ಯಾರೋ ಏನೋಮ್ಮ. ನನ್ನ ಮೊಮ್ಮಗಳು ಎಲ್ಲೋ ಕಲ್ತು ಬಂದಿದಾಳೆ. ಕೇಳಿದೋರು ಅಕ್ಕ ಆದ್ರೆ ಹಾಗೇ ಉತ್ತರ ಕೊಡ್ಬೇಕಂತೆ.”

ನೀರಿನ ಹದ ತಪ್ಪಿತು. “ಸುಡ್ತಿದೆ ಕಣಮ್ಮಾ,” ಎಂದು ಅಜ್ಜಿ ಕೂಗಿಕೊಂಡಳು.

ಹೆದರಿಕೆ ಹೋಯಿತೆಂದಲ್ಲ. ಆದರೆ ಅಂದಿನಿಂದ ಅಕ್ಕ ಒಂದೊಂದೇ ಹೊಸ ಪದ ಕಟ್ಟಿ ಬೀದಿಗೆ ಬಿಡುತ್ತಾಳೆ, ಎಲ್ಲವೂ ಪ್ರಶ್ನೆಗಳೇ.