ನಾನು ಮೊಮ್ಮಗಳ ಚಿತ್ರ ಮಗುಚಿದ ಭಾನುವಾರ

ನನ್ನ ಮೊಮ್ಮಗಳು ಬರೆದ ಚಿತ್ರವನ್ನು ಚಳ್ಳಕೆರೆಯ ಗ್ಯಾಲರಿಯಲ್ಲಿ ತೂಗುಹಾಕಿದ್ದಾರೆ! ಅದೂ ಗೋಡೆಗಲ್ಲ, ನಟ್ಟನಡುವೆ, ತೊಲೆಯಿಂದ ಇಳಿಬಿಟ್ಟು. ಬಂದವರು ಒಂದು ಸುತ್ತು ಹಾಕಿಯೇ ನೋಡಬೇಕು. ಬೆಳಗಿನಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾಯಿತು. ಹಾಲಿನವಳಿಗಂತೂ ಎರಡು ಸಲ ಹೇಳಿದೆ. ಇನ್ನೂ ಆಸೆ ತೀರಲಿಲ್ಲ, ಅದಕ್ಕೇ ಬರೆಯೋಕೆ ಕೂತಿದ್ದೀನಿ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮಗ್ಗದ ಗುಂಡಿಗೆ ಇಳಿದವಳು ನಾನು. ಅಕ್ಷರ ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ.

ನಮ್ಮದು ಮೊಳಕಾಲ್ಮೂರು. ಮನೆಯಲ್ಲೇ ಮಗ್ಗ, ನೇಯೋದು ರೇಷ್ಮೆ ಸೀರೆ. ಚಳ್ಳಕೆರೆಯ ಗ್ಯಾಲರಿ ಅಂದರೆ ಹಳೇ ಎಣ್ಣೆ ಮಿಲ್ಲಿನ ಗೋಡೌನು. ಸುಣ್ಣ ಬಳಿದು ಲೈಟು ಹಾಕಿದ್ದಾರೆ, ಆದರೂ ಒಳಗೆ ಕಾಲಿಟ್ಟರೆ ಕಡಲೆಕಾಯಿ ಹಿಂಡಿಯ ವಾಸನೆ. ತಿಂಗಳಿಗೊಂದು ಭಾನುವಾರ ಅಲ್ಲಿ ಹದಿನೈದಿಪ್ಪತ್ತು ಜನ ಸೇರಿ, ಒಂದೇ ಒಂದು ಚಿತ್ರ ಮುಂದಿಟ್ಟುಕೊಂಡು ಮಾತಾಡುತ್ತಾರೆ. ನಡೆಸೋರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅವರ ಕಟ್ಟಳೆ ಎರಡು. ‘ಚೆನ್ನಾಗೈತೆ’ ಅಂದು ಸುಮ್ಮನೆ ಕೂರಂಗಿಲ್ಲ, ಯಾಕೆ ಅಂತ ಹೇಳಬೇಕು. ಚಿತ್ರ ಬರೆದವರು ಕೊನೆಯವರೆಗೂ ತುಟಿ ಬಿಚ್ಚಂಗಿಲ್ಲ. ಮಾತು ಬೆಳೆದರೆ ಚಿತ್ರ ಮೂರು ತಿಂಗಳು ಅಲ್ಲೇ ಉಳಿಯುತ್ತದೆ. ಮಾತು ಹುಟ್ಟದಿದ್ದರೆ ಬರೆದವರ ಜೊತೆ ಬಸ್ಸು ಹತ್ತುತ್ತದೆ.

ನನ್ನ ಮೊಮ್ಮಗಳ ಚಿತ್ರ ಎರಡು ಸಲ ಬಸ್ಸು ಹತ್ತಿತ್ತು.

“ಅಜ್ಜಿ, ಮೂರನೇದೂ ಹಿಂಗೇ ವಾಪಸ್ ಬಂದ್ರೆ ಮುಗೀತು. ಬಿ.ಎಡ್. ಫಾರಂ ತುಂಬ್ತೀನಿ, ಬ್ರಷ್ಷೆಲ್ಲ ಪಕ್ಕದ್ಮನೆ ಹುಡುಗಿಗೆ ಕೊಟ್‌ಬಿಡ್ತೀನಿ” ಅಂದಳು. ಹದಿನೈದು ದಿನದಿಂದ ಸರಿಯಾಗಿ ಊಟವೂ ಇಲ್ಲ ಹುಡುಗಿಗೆ.

“ಮೇಷ್ಟ್ರಾಗೋದು ಒಳ್ಳೇದೇ ಅಲ್ವೇನವ್ವ?” ಅಂದ ನನ್ನ ಮಗ, ಅಂದರೆ ಅವಳಪ್ಪ, ಮಗ್ಗದಲ್ಲಿ ಕೂತೇ.

“ಒಳ್ಳೇದೇ ಕಣಪ್ಪ. ಆಸೆಪಟ್ಟು ಹೋಗ್ಲಿ, ಸೋತು ಯಾಕೆ ಹೋಗ್ಬೇಕು?” ಅಂದೆ. ನಿನ್ನೆ ನಾನೂ ಅವಳ ಜೊತೆ ಹೊರಟೆ.

ಅವಳು ಬರೆದಿದ್ದು ಉಳ್ಳಾರ್ತಿ ಕಾವಲಿನ, ಅಂದರೆ ದನ ಮೇಯೋ ಬಯಲಿನ, ಹುಲ್ಲು. ಪ್ಲೈವುಡ್ ಹಲಗೆಯ ಮೇಲೆ ಮೇಲಿಂದ ಕೆಳಗಿನವರೆಗೂ ಒಣಹುಲ್ಲೇ ಹುಲ್ಲು. ದನ ಇಲ್ಲ, ಮರ ಇಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಮೇಷ್ಟ್ರು ಸ್ಟ್ಯಾಂಡಿನ ಮೇಲೆ ಇಟ್ಟರು. ಜನ ನೋಡಿದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು “ಚೆನ್ನಾಗೈತೆ” ಅಂದರು.

“ಯಾಕೆ?” ಅಂದರು ಮೇಷ್ಟ್ರು.

“ಹುಲ್ಲು... ಹುಲ್ಲಂಗೇ ಐತಲ್ರಿ.”

ಮತ್ತೆ ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ನನ್ನ ಹುಡುಗಿ ವೇಲನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಎದ್ದು ಚಿತ್ರದ ಹತ್ತಿರ ಹೋದೆ.

ನೇಯೋರಿಗೆ ಒಂದು ಚಾಳಿ ಇದೆ. ಯಾರ ಸೀರೆ ಕೈಗೆ ಸಿಕ್ಕರೂ ಮೊದಲು ಸೆರಗು ಮಗುಚಿ ಹಿಂಬದಿ ನೋಡುತ್ತೇವೆ. ಎಳೆ ಎಲ್ಲಿ ಕಡಿದಿತ್ತು, ಎಲ್ಲಿ ಗಂಟು ಹಾಕಿದರು, ಕೂತವರಿಗೆ ತಾಳ್ಮೆ ಎಷ್ಟಿತ್ತು, ಎಲ್ಲ ಅಲ್ಲಿ ತಿಳಿಯುತ್ತದೆ. ಮದುವೆ ಮನೆಯಲ್ಲಿ ಬೀಗಿತ್ತಿ ಉಟ್ಟಿದ್ದ ಸೆರಗನ್ನೇ ಮಗುಚಿ ಬೈಸಿಕೊಂಡವಳು ನಾನು. ಕೈ ಸುಮ್ಮನಿರುತ್ತದೆಯೇ? ಹಲಗೆಯನ್ನು ಎರಡೂ ಕೈಲಿ ಹಿಡಿದು ಮಗುಚಿಯೇಬಿಟ್ಟೆ.

“ಅಯ್ಯೋ ಅಮ್ಮಾ, ಮುಟ್ಟಬಾರ್ದು!” ಮೇಷ್ಟ್ರು ಓಡಿ ಬಂದರು. ಬಂದವರು ಹಿಂಬದಿ ನೋಡಿ ಹಾಗೇ ನಿಂತರು.

ಹಿಂಬದಿಯ ತುಂಬ ಹಳದಿ ಗೀಟುಗಳು. ಬೆರಳುದ್ದದವು, ಒಂದರ ಪಕ್ಕ ಒಂದು. ನಿಂಬೆಹಣ್ಣಿನದು, ಅರಿಶಿನದ್ದು, ಬೆಲ್ಲದ್ದು, ಹಳೇ ಜರಿಯದ್ದು. ಸರಿಹೋಗದ್ದರ ಮೇಲೆ ಅಡ್ಡಗೆರೆ, ಮತ್ತೆ ಹೊಸ ಗೀಟು. ಒಂದು ಹುಲ್ಲಿನ ಬಣ್ಣ ಹುಡುಕೋಕೆ ಅವಳು ಪಟ್ಟ ಪಾಡೆಲ್ಲ ಅಲ್ಲಿತ್ತು.

ಕಾರಿಗೆ ಪೇಂಟ್ ಹೊಡೆಯೋ ಮೆಕ್ಯಾನಿಕ್ ಸಾಹೇಬರೊಬ್ಬರು ಪ್ರತಿ ತಿಂಗಳು ಬರುತ್ತಾರಂತೆ. ಅವರು ಕುರ್ಚಿ ಸರಿಸಿ ಎದ್ದರು. “ಗುದ್ದಿಸ್ಕೊಂಡು ಬಂದ ಗಾಡಿಗೆ ಬಣ್ಣ ಹೊಂದ್ಸೋ ಕಷ್ಟ ನನ್ನ ಕೇಳಿ ಅವ್ವಾರೆ. ಕೆಂಪಿಗೆ ಕೆಂಪು ಸಿಗಲ್ಲ. ಈ ಬೇಟಿ ಹುಲ್ಲಿಗೆ ಹುಲ್ಲು ಹೊಂದ್ಸೈತೆ! ತಿರುಗ್ಸಿ, ಮತ್ತೆ ಮುಂದ್ಗಡೆ ತೋರ್ಸಿ.”

ತಿರುಗಿಸಿದೆ. ಈಗ ಹುಲ್ಲು ಒಂದೇ ಬಣ್ಣದ್ದಾಗಿರಲಿಲ್ಲ.

“ಈ ಎಡಗಡೇದು ಬೆಳಗಿನ ಬಿಸಿಲು” ಅಂದರು ಸಾಹೇಬರು.

“ಬಿಸಿಲಲ್ಲ ಬಿಡ್ರಿ, ಗಾಳಿ!” ಕುರಿ ಸಾಕೋ ಹೆಂಗಸೊಬ್ಬಳು ಮುಂದೆ ನುಗ್ಗಿದಳು. “ಗಾಳಿ ಬಂದು ಹುಲ್ಲು ಬಗ್ಗಿದ್ರೆ ಅದರ ಹೊಟ್ಟೆ ಬೆಳ್ಳಗೆ ಕಾಣ್ತದೆ. ದಿನಾ ನೋಡೋಳು ನಾನು. ನೀವು ಕಾರಿನ ಕೆಳಗೆ ಮಲಗೋರು, ನಿಮಗೇನು ಗೊತ್ತು?”

“ಕಾರಿನ ಕೆಳಗೂ ಗಾಳಿ ಬರ್ತದೆ ತಾಯಿ!”

ಗೋಡೌನು ಗೊಳ್ಳೆಂದಿತು. ಆಮೇಲೆ ಮಾತು ನಿಂತರೆ ಕೇಳಿ! ಯಾವ ತಿಂಗಳ ಹುಲ್ಲು, ಗಾಳಿ ಯಾವ ದಿಕ್ಕಿಂದು, ದನ ಯಾಕೆ ಬರೆದಿಲ್ಲ. ಟೀ ಬಂತು, ಆರಿತು, ಯಾರೂ ಮುಟ್ಟಲಿಲ್ಲ. ನನ್ನ ಹುಡುಗಿ ಏನೋ ಹೇಳೋಕೆ ಎದ್ದಳು. “ನೀನು ಕೂತ್ಕೊಳೇ, ನಿನ್ನದು ಕೊನೆಗೆ” ಅಂತ ನಾನೇ ಗದರಿದೆ.

“ಚಿತ್ರ ಉಳೀತು” ಅಂದರು ಮೇಷ್ಟ್ರು. “ಆದ್ರೆ ಗೋಡೆಗೆ ಹಾಕಿದ್ರೆ ಹಿಂಬದಿ ಕಾಣಲ್ವಲ್ಲ?” ಅಂತ ಅವರೇ ಕೇಳಿದರು. ಸಾಹೇಬರು ಸ್ಕೂಟರಿನಿಂದ ತಂತಿ ತಂದರು, ಏಣಿ ಹತ್ತಿ ತೊಲೆಗೆ ಬಿಗಿದರು. ಕಡೆಗೆ ನನ್ನ ಹುಡುಗಿಗೆ ಬಾಯಿ ಬಿಚ್ಚೋಕೆ ಅಪ್ಪಣೆ ಆಯಿತು. ಅವಳು ಅಂದಿದ್ದು ಇಷ್ಟೇ: “ಹಿಂದ್ಗಡೆದು ಬಳಿದು ಮುಚ್ಚಬೇಕು ಅಂತಿದ್ದೆ. ನಾಚಿಕೆ ಆಗಿತ್ತು.”

ಸಂಜೆ ಮನೆಗೆ ಬಂದಾಗ ಮಗ ಬಾಗಿಲಲ್ಲೇ ನಿಂತಿದ್ದ. ಅವಳ ಕೈಲಿ ಹಲಗೆ ಇಲ್ಲದ್ದು ನೋಡಿ, “ಬಸ್ಸಲ್ಲಿ ಮರೆತು ಬಂದ್ಯೇನೇ?” ಅಂದ. ಅವಳು ನಕ್ಕಳು. ಅವನಿಗೆ ಅರ್ಥವಾಯಿತು. ಒಳಗೆ ಹೋದವನು ಎಷ್ಟು ಹೊತ್ತಾದರೂ ಮುಖ ತೊಳೆಯುತ್ತಲೇ ಇದ್ದ.

ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತೆವು. ಬಿಸಿ ಮುದ್ದೆ, ಹುರುಳಿಕಾಳು ಸಾರು, ಸೊಸೆ ಅವಸರದಲ್ಲಿ ತಟ್ಟಿದ ಹೋಳಿಗೆ. ಸೊಸೆ ಆಂಧ್ರದ ಕಡೆಯವಳು, ಖುಷಿಯಾದರೆ ತೆಲುಗೇ ಬರೋದು. “ಇಂಕಾ ಕೊಂಚೆಂ ತಿನವೇ” ಅಂತ ಮಗಳ ತಟ್ಟೆಗೆ ಹಾಕುತ್ತಲೇ ಇದ್ದಳು. ಬೇಡ ಅನ್ನಲಿಲ್ಲ ಹುಡುಗಿ.

“ಫಾರಂ ಏನ್ಮಾಡ್ತೀಯವ್ವ?” ಅಂದ ಮಗ, ಮೆಲ್ಲಗೆ.

“ಈ ವರ್ಷ ಬೇಡಪ್ಪ. ಇನ್ನೊಂದು ಹಲಗೆ ತರ್ಬೇಕು” ಅಂದಳು, ಬಾಯ್ತುಂಬ ಹೋಳಿಗೆ ಇಟ್ಟುಕೊಂಡೇ.

ಅವನು ತುಪ್ಪದ ಗಿಂಡಿ ಎತ್ತಿ ಅವಳ ತಟ್ಟೆಗೆ ಬಗ್ಗಿಸಿದ. ಆಮೇಲೆ ನನ್ನದಕ್ಕೂ.