ವಾಲುತ್ತಿದ್ದ ಕಪಾಟು

ಬೆಳಿಗ್ಗೆ ದುರ್ಗದಬೈಲಿನ ಪೇಟೆಯಲ್ಲಿ ಹಸಿ ತೇಗ ಕೊಯ್ದ ವಾಸನೆ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತಿತು, ತಲೆ ನಾನು ಬೆಳೆದ ಉಣಕಲ್ಲಿಗೆ ಓಡಿತು.

ಅಲ್ಲಿ ನಮ್ಮ ಪಕ್ಕದ ಮನೆ ಬಡಗಿ ಹುಸೇನ್ ಕಾಕಾ ಅವರದು. ಅವರು ಕೊಯ್ದು ಬಿಟ್ಟ ಚೌಕ, ತ್ರಿಕೋನ, ಉದ್ದನೆಯ ಪಟ್ಟಿಗಳೇ ನನ್ನ ಆಟಿಕೆ. ನನ್ನಪ್ಪ ಸಾಲೆಯಲ್ಲಿ ರೇಖಾಗಣಿತದ ಮಾಸ್ತರರು. ನಾನು ಪಾಟಿಯ ಮೇಲೆ ಎಳೆದ ಚೌಕ ಮಾತ್ರ ಬದನೆಕಾಯಿಯಾಗುತ್ತಿತ್ತು. “ಈಕಿ ತಲಿಗೆ ಗಣಿತ ಹತ್ತೂದಿಲ್ಲ” ಎಂದು ಅವರು ಅವ್ವನಿಗೆ ಹೇಳಿದ ಮಾತು ನನ್ನ ಕಿವಿಗೆ ಬಿದ್ದು ಅಲ್ಲೇ ಕೂತುಬಿಟ್ಟಿತ್ತು.

ಒಂದು ರವಿವಾರ ಅಪ್ಪ ತಾವೇ ಪುಸ್ತಕದ ಕಪಾಟು ಮಾಡಲು ಹೊರಟರು. ಪ್ರತಿ ಮೂಲೆಯನ್ನೂ ಕೋನಮಾಪಕದಲ್ಲಿ ಅಳೆದು ಮೊಳೆ ಹೊಡೆದರು. ನಿಲ್ಲಿಸಿದರೆ ಕಪಾಟು ಮೆಲ್ಲಗೆ ಬಲಕ್ಕೆ ವಾಲಿತು. ಮತ್ತೆ ಅಳೆದರು, ಮತ್ತೆ ವಾಲಿತು.

“ಮಾಸ್ತರ್ರ, ತೊಂಬತ್ತು ಡಿಗ್ರಿ ಐತೇನ್ರಿ?” ಗೋಡೆಯಾಚೆಯಿಂದ ಕಾಕಾ ಕೇಳಿದರು.

“ಖರೇ ತೊಂಬತ್ತ ಐತಿ. ಕಟಗಿಗೆ ಗೊತ್ತಿಲ್ಲ ಅಷ್ಟ.”

ನಾನು ಪಟ್ಟಿಗಳಿಂದ ಕಟ್ಟಿದ ಗೊಂಬೆಮನೆ ತಂದು ಅಪ್ಪನ ಮುಂದಿಟ್ಟೆ. ಅದೂ ಮೊದಲು ವಾಲುತ್ತಿತ್ತು; ಬೆನ್ನಿಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪಟ್ಟಿ ಬಡಿದು, ಚೌಕ ಎರಡು ತ್ರಿಕೋನವಾದ ಮೇಲೆ ನಿಂತಿತ್ತು.

“ಅಪ್ಪಾ, ನಾಕು ಮೂಲಿ ವಾಲತೈತಿ, ಮೂರು ಮೂಲಿ ತಾಳತೈತಿ.”

ಅಪ್ಪ ಗೊಂಬೆಮನೆಯನ್ನು ಒತ್ತಿ ನೋಡಿದರು. ಅಲುಗಲಿಲ್ಲ. ಕಪಾಟಿನ ಬೆನ್ನಿಗೆ ಓರೆಯಾಗಿ ಪಟ್ಟಿ ಹಿಡಿದು, ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

“ನೀನ ಹೊಡಿಯವ್ವಾ. ಇದು ನಿನ್ನ ಲೆಕ್ಕ.”

ಆ ಕಪಾಟು ಈಗ ನನ್ನ ಮನೆಯಲ್ಲಿದೆ. ನಾನು ಹೊಡೆದ ಮೊಳೆಗಳಲ್ಲಿ ಎರಡು ಸೊಟ್ಟಗಿವೆ. ಕಪಾಟು ನೆಟ್ಟಗಿದೆ.