ಸಾಧನೆಯ ಹಾಳೆ ಮತ್ತು ಹೊಂಗೆಮರದಡಿಯ ಮೇಜು

ಕೆಲಸಕ್ಕೆ ಸೇರಿದ ಮೊದಲ ದಿನ, ಪಕ್ಕದ ಕೋಣೆಯಲ್ಲಿ ಒಬ್ಬ ಯುವತಿ ಪಿಯಾನೋದ ಮುಚ್ಚಳ ತೆಗೆದು ಒಳಗಿನ ತಂತಿಗಳ ನಡುವೆ ಸ್ಕ್ರೂ, ರಬ್ಬರ್ ತುಂಡುಗಳನ್ನು ಸಿಕ್ಕಿಸುತ್ತಿದ್ದಳು. ನಡುನಡುವೆ ಒಂದೊಂದು ಕೀ ಒತ್ತಿ ನೋಡುತ್ತಿದ್ದಳು. ತಗಡು ಬಡಿದಂತೆ 'ಟಣಕ್' ಎನ್ನುತ್ತಿತ್ತು. ರಿಪೇರಿಗೆ ಬಂದವಳು ಪಾಪ, ಯಾರೂ ತೊಂದರೆ ಕೊಡದಿರಲಿ ಎಂದು 'ಪಿಯಾನೋ ಕೆಟ್ಟಿದೆ, ರಿಪೇರಿ ನಡೆಯುತ್ತಿದೆ' ಎಂದು ಟೈಪ್ ಮಾಡಿ ಬಾಗಿಲಿಗೆ ಅಂಟಿಸಿದೆ. ಹೊರಗೆ ಬಂದವಳು ಅದನ್ನು ಓದಿದಳು, ನನ್ನ ಮುಖ ನೋಡಿದಳು.

"ಇದು ನನ್ನ ಸಂಗೀತ" ಎಂದಳು.

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಅವಳ ಹೆಸರು ಹ್ಯಾನಾ. ಅವಳ ವಿಷಯ ಮುಂದೆ ಬರುತ್ತದೆ. ಮೊದಲು, ತಿ. ನರಸೀಪುರದ ಮಹದೇವನಾದ ನಾನು ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಬಂದು ಪಿಯಾನೋದ ಬಾಗಿಲಿಗೆ ಚೀಟಿ ಅಂಟಿಸಿದ್ದು ಹೇಗೆ ಎಂಬುದನ್ನು ಹೇಳಬೇಕು.

ತೊಂಬತ್ತರ ದಶಕವಿಡೀ ನಾನು ತಾಲ್ಲೂಕು ಕಚೇರಿಯ ಎದುರು ಹೊಂಗೆಮರದಡಿ ಮೇಜು ಹಾಕಿಕೊಂಡು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಪಕ್ಕದ ಮೇಜಿನಲ್ಲಿ ಕೈಬರಹದ ಅರ್ಜಿಗಳ ಸಿದ್ದರಾಜಣ್ಣ. ನನಗೆ ಕಸುಬು ಕಲಿಸಿದವನು ಅವನೇ. ಹೊಸ ಶತಮಾನ ಬಂತು, ಕಚೇರಿ ಸುತ್ತ ಕಂಪ್ಯೂಟರ್ ಅಂಗಡಿಗಳು ಬಂದವು, ನನ್ನ ಮೇಜಿಗೆ ಬರುವವರು ಕಡಿಮೆಯಾದರು. ಅದೇ ಹೊತ್ತಿಗೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದರು. ನನ್ನ ಹೆಂಡತಿ ಮಂಜುಳ ನಂಜನಗೂಡಿನವಳು, ಮೈಸೂರಿನಲ್ಲಿ ನರ್ಸಿಂಗ್ ಕಲಿತವಳು, ನನಗಿಂತ ಧೈರ್ಯಸ್ಥೆ. ಅವಳು ಮುಂದೆ ನಡೆದಳು, ನಾನು ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಬಂದೆ.

ಇಲ್ಲಿನ ಮನೆಗಳು ಒಂದಕ್ಕೊಂದು ಗೋಡೆ ಅಂಟಿಕೊಂಡು ಸಾಲಾಗಿ ನಿಂತಿವೆ. ಪಕ್ಕದವರು ಸೀನಿದರೆ ನಮಗೆ ಕೇಳುತ್ತದೆ, ಆದರೆ ಅವರ ಮುಖ ನೋಡಲು ನನಗೆ ಎರಡು ತಿಂಗಳು ಹಿಡಿಯಿತು. ನಮ್ಮೂರ ಬೀದಿಯಲ್ಲಿ ಸೀನಿದವರಿಗೆ ಕಷಾಯ ಕುದಿಸಿ ತಂದುಕೊಡುವಷ್ಟರಲ್ಲಿ ಅವರ ನೆಗಡಿಯ ಸುದ್ದಿ ಊರೆಲ್ಲ ಆಗಿರುತ್ತದೆ. ಇಲ್ಲೂ ಬಾಳೆಹಣ್ಣು ಬೇಕಾದಷ್ಟು ಸಿಗುತ್ತದೆ, ಹಳದಿಯಾಗಿ, ಒಂದೇ ಅಳತೆಯಾಗಿ. ಮಂಜುಳ ಮೂಸಿ ನೋಡಿ "ಇದಕ್ಕೆ ವಾಸ್ನೇನೇ ಇಲ್ವಲ್ರೀ" ಎಂದು ಕೆಳಗಿಟ್ಟಳು. ರಸಬಾಳೆಯ ಊರಿನವಳಿಗೆ ಅದು ದೊಡ್ಡ ದುಃಖ. ಬಸ್ಸಿನ ಡ್ರೈವರಮ್ಮ ಮೊದಲ ಸಲ ನನ್ನನ್ನು 'ಲವ್' ಎಂದು ಕರೆದಾಗ ಬೆವತುಹೋದೆ. ಇಲ್ಲಿ ಅದು ಪ್ರೀತಿಪ್ರೇಮದ ಮಾತಲ್ಲ, ನಾವು 'ಏನಪ್ಪಾ' ಎನ್ನುತ್ತೇವಲ್ಲ, ಅಷ್ಟೇ. ಆಮೇಲೆ ದಿನಕ್ಕೊಮ್ಮೆ ಅದನ್ನು ಕೇಳದಿದ್ದರೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಎಂಟು ತಿಂಗಳು 'ನರ್ಸಮ್ಮನ ಗಂಡ'ನಾಗಿ ಮನೆಯಲ್ಲಿ ಕೂತೆ. ಊರಲ್ಲಿ ದಿನಕ್ಕೆ ಹತ್ತು ಜನರ ಕಷ್ಟ ಕೇಳುತ್ತಿದ್ದವನಿಗೆ ಇಲ್ಲಿ ಯಾರ ಕಷ್ಟವೂ ಕಿವಿಗೆ ಬೀಳದೆ ಹುಚ್ಚು ಹಿಡಿಯುವಂತಾಯಿತು. ಆಗ ವಿಶ್ವವಿದ್ಯಾಲಯದ ಒಂದು ಕಚೇರಿಯಲ್ಲಿ ಹೆರಿಗೆ ರಜೆಯ ಮೇಲೆ ಹೋದವರ ಜಾಗ ಖಾಲಿ ಇತ್ತು. ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪಾಸಾದವನು ನಾನು. ಮೂರು ತಿಂಗಳ ಕೆಲಸ, ರಜೆಗೆ ಹೋದಾಕೆ ಮರಳದಿದ್ದರೆ ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಆಮೇಲೆ ನೋಡೋಣ ಎಂದರು. ಆ ಮೂರು ತಿಂಗಳನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅದು ಸಂಗೀತ ಸಂಯೋಜನೆಯ ವಿಭಾಗ. ಅಂದರೆ ಹಾಡುವುದು, ನುಡಿಸುವುದಕ್ಕಿಂತ ಹೊಸ ಸಂಗೀತವನ್ನು ಕಾಗದದ ಮೇಲೆ ಬರೆಯುವುದನ್ನು ಕಲಿಸುವ ಜಾಗ. ತಿಂಗಳಿಗೊಮ್ಮೆ ಅಲ್ಲಿನ ಮೇಷ್ಟ್ರುಗಳ, ವಿದ್ಯಾರ್ಥಿಗಳ, ಹಳೆಯ ವಿದ್ಯಾರ್ಥಿಗಳ ಇತ್ತೀಚಿನ ಸಾಧನೆಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿ ಎಲ್ಲರಿಗೂ ಹಂಚಬೇಕು. ಸಾಧನೆಯನ್ನು ಅವರವರೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ನನ್ನ ಕೃತಿಗೆ ಬಹುಮಾನ ಬಂತು, ನನ್ನ ಕೃತಿಯನ್ನು ಇಂಥ ದೇಶದಲ್ಲಿ ನುಡಿಸಿದರು ಎಂದು. ನಮ್ಮಲ್ಲಿ ಬೇರೆಯವರು ಹೊಗಳಿದರೂ "ಎಲ್ಲಾ ನಿಮ್ಮ ಆಶೀರ್ವಾದ" ಎಂದು ತಲೆ ತಗ್ಗಿಸುತ್ತೇವೆ. ಇವರಿಗೇನು ನಾಚಿಕೆಯೇ ಇಲ್ಲವೇ ಅನ್ನಿಸಿತು. ಎರಡು ವಾರದಲ್ಲಿ ಆ ಚೀಟಿಗಳು ಬರುವುದನ್ನು ಕಾಯತೊಡಗಿದೆ. ಹೊಂಗೆಮರದಡಿ ನಾನು ಟೈಪ್ ಮಾಡಿದ್ದೆಲ್ಲ ಬಾವಿ ಬತ್ತಿದ್ದು, ಪಿಂಚಣಿ ನಿಂತದ್ದು, ಪಹಣಿಯಲ್ಲಿ ಹೆಸರು ತಪ್ಪಾದದ್ದು. ಜನರ ಸಂತೋಷವನ್ನು ಟೈಪ್ ಮಾಡುವ ಭಾಗ್ಯ ನನಗೆ ಸಿಕ್ಕಿದ್ದು ಇಲ್ಲೇ.

ಎರಡು ತಿಂಗಳಾದರೂ ಅಲ್ಲಿನ ವಿದ್ಯಾರ್ಥಿನಿ ಹ್ಯಾನಾಳಿಂದ ಚೀಟಿ ಬರಲಿಲ್ಲ. ಮೂರನೆಯ ತಿಂಗಳು ನಾನೇ ಕೇಳಿದೆ.

"ನನ್ನದೇನೂ ಇಲ್ಲ" ಎಂದಳು.

ನಮ್ಮ ಕಸುಬಿನವರಿಗೆ ಈ ಮಾತು ಚೆನ್ನಾಗಿ ಗೊತ್ತು. "ಏನಿಲ್ಲ ಸಾ, ನಾಕ್ ಅಕ್ಸರ ಆಕ್ಕೊಡಿ ಸಾಕು" ಎಂದು ಬಂದು ನಿಲ್ಲುವವರ ಹತ್ತಿರವೇ ನಾಲ್ಕು ಪುಟದ ಸಂಗತಿ ಇರುತ್ತದೆ. ಅಂಥವರನ್ನು ಮೊದಲು ಕೂರಿಸು ಎಂದು ಸಿದ್ದರಾಜಣ್ಣ ಹೇಳಿಕೊಟ್ಟಿದ್ದ. ಕುರ್ಚಿ ಎಳೆದುಕೊಟ್ಟೆ. ಅವಳು ಕೂತಳು, ಹೇಳಿದಳು. ವರ್ಷವಿಡೀ ಬರೆದು, ಹೊಡೆದುಹಾಕಿ, ಕೊನೆಗೆ ನಾಲ್ಕು ನಿಮಿಷದ ಒಂದು ಕೃತಿ ಉಳಿದಿದೆ. ಯಾರಿಗೂ ಕೇಳಿಸಿಲ್ಲ. ನಾನು ರಿಪೇರಿಯ ಚೀಟಿ ಅಂಟಿಸಿದ ದಿನವೇ ಅದನ್ನು ಹರಿದುಹಾಕಬೇಕೆಂದಿದ್ದಳಂತೆ.

ಅವಳ ಒಪ್ಪಿಗೆ ಪಡೆದು ಹಾಳೆಯ ಕೊನೆಗೆ ಒಂದು ಸಾಲು ಸೇರಿಸಿದೆ: 'ಹ್ಯಾನಾ ನಾಲ್ಕು ನಿಮಿಷದ ಕೃತಿಯೊಂದನ್ನು ಮುಗಿಸಿದ್ದಾಳೆ. ಅದನ್ನು ಇನ್ನೂ ಯಾರೂ ಕೇಳಿಲ್ಲ.'

ಹಾಳೆ ಹಂಚಿಯಾಗಿತ್ತು. ವಿಭಾಗದ ಮುಖ್ಯಸ್ಥ ಪೀಟರ್ ಕರೆದರು. ಇಲ್ಲಿ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯಬೇಕು. ನಾನು ಮಾತ್ರ 'ಪೀಟರ್ ಸರ್' ಎನ್ನುವುದನ್ನು ಬಿಡಲಿಲ್ಲ.

"ಮಹದೇವ, ಇದು ಸಾಧನೆಯೇ?"

ನನ್ನ ಕೆಲಸ ಮುಗಿಯಲು ಆಗ ಎರಡೇ ವಾರ ಉಳಿದಿತ್ತು. ತಪ್ಪಾಯಿತು ಎಂದುಬಿಡಬಹುದಿತ್ತು. "ಅವಳು ಮುಗಿಸಿದ್ದಾಳೆ ಸರ್. ಕೇಳುವವರು ಇನ್ನೂ ಬಂದಿಲ್ಲ, ಅಷ್ಟೇ" ಎಂದೆ. ಅವರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವತ್ತು ಮನೆಗೆ ಹೋಗಿ ಮಂಜುಳಳ ಮುಂದೆ ಕೆಲಸ ಹೋದ ಹಾಗೆಯೇ ಮಾತಾಡಿದೆ.

ಮಾರನೆಯ ದಿನದಿಂದ ನನ್ನ ಮೇಜಿನ ಮುಂದೆ ಜನ. ಆ ನಾಲ್ಕು ನಿಮಿಷವನ್ನು ಎಲ್ಲಿ ಕೇಳಬಹುದು ಎಂಬುದೇ ಎಲ್ಲರ ಪ್ರಶ್ನೆ. ವಾರದ ಕೊನೆಗೆ ಊಟದ ಬಿಡುವಿನಲ್ಲಿ ಪಿಯಾನೋದ ಕೋಣೆ ತುಂಬಿತು. ಪೀಟರ್ ಸರ್ ಕಿಟಕಿಯ ಹತ್ತಿರ ನಿಂತಿದ್ದರು. ಹ್ಯಾನಾ ಸ್ಕ್ರೂಗಳನ್ನೆಲ್ಲ ಸಿಕ್ಕಿಸಿ, ಕೈ ಒರೆಸಿಕೊಂಡು ನುಡಿಸಿದಳು. ಚೆನ್ನಾಗಿತ್ತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ನಾದ ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಹೊತ್ತಿಗೆ 'ಟಿಣ್' ಎನ್ನುವ ಗಂಟೆಯಂತೆಯೇ ಇತ್ತು. ಅದು ಬಂದಾಗಲೆಲ್ಲ ಕಾಗದದ ಉರುಳೆಯನ್ನು ಮುಂದಿನ ಸಾಲಿಗೆ ತಳ್ಳಲು ನನ್ನ ಎಡಗೈ ತಾನಾಗಿ ಏಳುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ರಜೆಗೆ ಹೋದಾಕೆ ಮರಳಲಿಲ್ಲ, ನನ್ನನ್ನು ಇನ್ನೂ ಕೆಲವು ದಿನ ಇರು ಎಂದರು. ಮುಂದಿನ ತಿಂಗಳ ಹಾಳೆಯಲ್ಲಿ ಹ್ಯಾನಾಳ ಕೃತಿಯನ್ನು ಪಕ್ಕದ ಊರಿನ ಸಂಗೀತ ಕಛೇರಿಯೊಂದರಲ್ಲಿ ನುಡಿಸಲಿದ್ದಾರೆ ಎಂಬ ಸಾಲಿತ್ತು. ಅದರ ಕೆಳಗೆ ಪೀಟರ್ ಸರ್ ತಾವೇ ಬರೆದುಕೊಟ್ಟ ಇನ್ನೊಂದು: 'ಆ ಕೃತಿಯ ಬಗ್ಗೆ ಮೊದಲು ವಿಚಾರಿಸಿದವರು ತಿ. ನರಸೀಪುರದ ಮಹದೇವ. ಅವರು ಇನ್ನು ನಮ್ಮ ಕಚೇರಿಯ ಖಾಯಂ ನೌಕರರು.' ಮಂಜುಳ ಅದನ್ನು ಎರಡು ಸಲ ಓದಿಸಿಕೊಂಡು, "ಆಯ್ತು ಬಿಡಿ, ಇನ್ಮೇಲೆ ನಾನು ಟೈಪಿಸ್ಟ್ ಹೆಂಡ್ತಿ" ಎಂದಳು.

ಶನಿವಾರ ಬೆಳಿಗ್ಗೆ ಸಿದ್ದರಾಜಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ.

"ಬಾಳ ಸಂತೋಸ ಕಣ್ಲಾ ಮಾದೇವ" ಎಂದ. ಆಮೇಲೆ, "ಅಂಗಾದ್ರೆ ಈ ನಿನ್ ಮೇಜ್ನ ಏನ್ ಮಾಡ್ಲಿ? ಸೋಸಲೆ ಊರ್ನೋರೊಬ್ರು ಜೆರಾಕ್ಸ್ ಮಿಸಿನ್ ಇಡಕ್ಕೆ ಜಾಗ ಕೇಳ್ತಾವ್ರೆ. ನಾನು ದಿನಾ ಒರಸಿ ಮಡೀಕ್ಕಂಡಿವ್ನಿ" ಎಂದ.

ಹೊರಟ ದಿನ ನಾನು ಅವನಿಗೆ ಮೇಜು ನೋಡಿಕೋ ಎಂದು ಹೇಳಿರಲೇ ಇಲ್ಲ.

"ಏನಿಲ್ಲಣ್ಣ" ಎಂದೆ.

ಆ ಕಡೆಯಿಂದ ಸಿದ್ದರಾಜಣ್ಣ ನಕ್ಕಿದ್ದು ಕೇಳಿಸಿತು. "ಏನಿಲ್ಲ ಅಂದೋನ್ನ ಏನ್ ಮಾಡ್ಬೇಕು ಅಂತ ನಿಂಗೆ ಯೇಳ್ಕೊಟ್ಟೋನೇ ನಾನು ಕಣ್ಲಾ. ಕೂತ್ಕೋ, ಯೇಳು."

ಫೋನಿನ ಪಕ್ಕದ ಮೆಟ್ಟಿಲ ಮೇಲೆ ಕೂತೆ. "ಮೇಜು ಅಲ್ಲೇ ಇರಲಿ ಅಣ್ಣ" ಎಂದು ಶುರುಮಾಡಿದೆ.